ಟ್ರೇಲರ್‌ಗೆ ಇನ್ವರ್ಟರ್ ಕೂರಿಸುವ ಮುಂಚೆ

ನಮಸ್ಕಾರ ಕೇಳುಗರೇ. ಟ್ರಾವೆಲ್ ಟ್ರೇಲರ್ ಕೊಂಡ ನಮ್ಮವರು ಯಾರೇ ಸಿಕ್ಕಲಿ, ಸ್ವಲ್ಪ ಹೊತ್ತಿಗೇ ಒಂದು ಪ್ರಶ್ನೆ ಬಂದೇ ಬರುತ್ತದೆ. ಇನ್ವರ್ಟರ್ ಹಾಕಿಸಬೇಕು, 2000 ವ್ಯಾಟಿಂದು ತಗೊಳ್ಳಲಾ, 3000 ವ್ಯಾಟಿಂದಾ? ಅದನ್ನು ಕೊನೆಗೆ ಕೇಳಿ ಅನ್ನುತ್ತೇನೆ ನಾನು. ಮೊದಲು ಬ್ಯಾಟರಿ ನೋಡಿ, ಆಮೇಲೆ ತಂತಿ, ಆಮೇಲೆ ಫ್ಯೂಸ್. ಅಷ್ಟಾದ ಮೇಲೆ ಯಾವ ಪೆಟ್ಟಿಗೆ ಅನ್ನುವುದು ತಾನಾಗಿಯೇ ತೀರ್ಮಾನವಾಗುತ್ತದೆ.

ಊರಿನಿಂದ ಕೇಳುತ್ತಿರುವವರಿಗೆ ಎರಡು ಮಾತು. ಟ್ರಾವೆಲ್ ಟ್ರೇಲರ್ ಅಂದರೆ ಅಮೆರಿಕದಲ್ಲಿ ಪಿಕಪ್ ಅಥವಾ ದೊಡ್ಡ ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಪುಟ್ಟ ಮನೆ. ಹಾಸಿಗೆ, ಒಲೆ, ಫ್ರಿಜ್, ಬಚ್ಚಲು ಎಲ್ಲ ಒಳಗೇ. ಇದರಲ್ಲಿ ಎರಡು ಥರದ ಕರೆಂಟ್ ಓಡಾಡುತ್ತದೆ. ದೀಪ, ನೀರಿನ ಪಂಪು, ಹೀಟರ್‌ನ ಫ್ಯಾನ್ ಇವೆಲ್ಲ ಬ್ಯಾಟರಿಯ 12 ವೋಲ್ಟ್ ಡಿಸಿ. ಗೋಡೆಯ ಪ್ಲಗ್, ಮೈಕ್ರೋವೇವ್, ಮೇಲಿನ ಏರ್ ಕಂಡೀಷನರ್ 120 ವೋಲ್ಟ್ ಎಸಿ, ಅಂದರೆ ಮನೆಯ ಪ್ಲಗ್‌ನಲ್ಲಿ ಬರುವ ಥರದ ಕರೆಂಟ್. ಕ್ಯಾಂಪ್‌ಗ್ರೌಂಡ್‌ನಲ್ಲಿ ಕಂಬಕ್ಕೆ 30 ಆಂಪ್ ಕೇಬಲ್ ಚುಚ್ಚಿದರೆ 3600 ವ್ಯಾಟ್‌ವರೆಗೆ ಸಿಗುತ್ತದೆ, ಯೋಚನೆಯೇ ಇಲ್ಲ. ಆದರೆ ಅರಿಜೋನಾದ ಕ್ವಾರ್ಟ್‌ಸೈಟ್ ಕಡೆಯ ಮರುಭೂಮಿಯಂಥ ಜಾಗದಲ್ಲಿ, ಬಿಎಲ್‌ಎಂ ಅನ್ನುವ ಇಲಾಖೆಯ ಸರ್ಕಾರಿ ಜಮೀನಿನಲ್ಲಿ, ಸಾಮಾನ್ಯವಾಗಿ 28 ದಿನಕ್ಕೆ 14 ದಿನ ಬಿಟ್ಟಿಯಾಗಿ ಬೀಡು ಬಿಡಬಹುದಲ್ವಾ, ಅಲ್ಲಿ ಕಂಬವೂ ಇಲ್ಲ, ಪ್ಲಗ್ಗೂ ಇಲ್ಲ. ಬ್ಯಾಟರಿಯಿಂದಲೇ ಎಸಿ ಮಾಡಿಕೊಳ್ಳಬೇಕು.

ನಮ್ಮ ಮನೆಗಳಲ್ಲಿ ಲೋಡ್ ಶೆಡ್ಡಿಂಗ್ ಕಾಲದಿಂದ ಇನ್ವರ್ಟರ್ ಇದೆ, 150 ಆಂಪ್-ಅವರ್ ಟ್ಯೂಬ್ಯುಲರ್ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕಿ ಎಲ್ಲರಿಗೂ ಅಭ್ಯಾಸ. ಅದಕ್ಕೇ ಇದೂ ಅಂಥದ್ದೇ ಅಂದುಕೊಳ್ಳುತ್ತಾರೆ. ಊರಿನ ಆ ಪೆಟ್ಟಿಗೆ ಒಟ್ಟಿಗೆ ಮೂರು ಕೆಲಸ ಮಾಡುತ್ತದೆ: ಬ್ಯಾಟರಿ ಚಾರ್ಜ್ ಮಾಡುತ್ತದೆ, ಡಿಸಿಯನ್ನು ಎಸಿ ಮಾಡುತ್ತದೆ, ಕರೆಂಟ್ ಹೋದ ತಕ್ಷಣ ತಾನೇ ಬದಲಾಯಿಸುತ್ತದೆ. ಟ್ರೇಲರ್‌ಗೆಂದು ಅಂಗಡಿಯಲ್ಲಿ ಸಿಗುವ ಸಾಧಾರಣ ಇನ್ವರ್ಟರ್ ಮಾಡುವುದು ನಡುವಿನ ಕೆಲಸ ಮಾತ್ರ. ಚಾರ್ಜ್ ಮಾಡಲು ಟ್ರೇಲರ್‌ನಲ್ಲಿ ಮೊದಲೇ ಕನ್ವರ್ಟರ್ ಅಂತ ಬೇರೆ ಇರುತ್ತದೆ. ಬದಲಾಯಿಸುವ ಟ್ರಾನ್ಸ್‌ಫರ್ ಸ್ವಿಚ್ ನೀವೇ ಹಾಕಿಸಬೇಕು.

ಈಗ ಲೆಕ್ಕಕ್ಕೆ ಬರೋಣ. ಇದು ಬಹಳ ಮುಖ್ಯ, ದಯವಿಟ್ಟು ಗಮನ ಕೊಡಿ. 1000 ವ್ಯಾಟ್ ಅಂತ ಬರೆದಿರುವ ಮೈಕ್ರೋವೇವ್ ನಿಜಕ್ಕೂ ಎಳೆಯುವುದು ಸುಮಾರು 1500 ವ್ಯಾಟ್. ಊರಿನ 230 ವೋಲ್ಟ್‌ನಲ್ಲಿ ಅದು ಆರೂವರೆ ಆಂಪ್. ಇಲ್ಲಿನ 120 ವೋಲ್ಟ್‌ನಲ್ಲಿ ಹನ್ನೆರಡೂವರೆ. 12 ವೋಲ್ಟ್ ಬ್ಯಾಟರಿಯಿಂದ ತೆಗೆದರೆ 125 ಆಂಪ್, ಇನ್ವರ್ಟರ್ ಒಳಗೆ ಪೋಲಾಗುವುದನ್ನೂ ಸೇರಿಸಿದರೆ 140ರ ಹತ್ತಿರ! ಬಿಸಿ ಏರುವುದು ಕರೆಂಟಿನ ವರ್ಗದ ಲೆಕ್ಕದಲ್ಲಿ, ಅಂದರೆ ಆಂಪ್ ಎರಡರಷ್ಟಾದರೆ ಬಿಸಿ ನಾಲ್ಕರಷ್ಟು. ತಂತಿಯ ತುದಿಗೆ ಹಾಕುವ ಲೋಹದ ಬಳೆ, ಅಂದರೆ ಲಗ್, ಸರಿಯಾಗಿ ಒತ್ತಿಲ್ಲ, ಅಲ್ಲಿ ಒಂದು ಓಮ್‌ನ ಸಾವಿರದಲ್ಲೊಂದು ಭಾಗ ರೆಸಿಸ್ಟೆನ್ಸ್ ಉಳಿದಿದೆ ಅನ್ನಿ. 140 ಆಂಪ್ ಹರಿದಾಗ ಆ ಬೆರಳ ತುದಿಯಷ್ಟು ಜಾಗದಲ್ಲಿ 20 ವ್ಯಾಟ್ ಶಾಖ ಹುಟ್ಟುತ್ತದೆ. ರೇಡಿಯೋ ರಿಪೇರಿಯವರ ಬೆಸುಗೆ ಕಡ್ಡಿಯನ್ನು ಪ್ಲೈವುಡ್ ಪಕ್ಕ ಆನ್ ಮಾಡಿಟ್ಟ ಹಾಗೆ.

ಬ್ಯಾಟರಿ ವಿಷಯವೂ ಇದೇ ಲೆಕ್ಕ. 100 ಆಂಪ್-ಅವರ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ 1280 ವ್ಯಾಟ್-ಅವರ್ ಇರುತ್ತದೆ. ಮೈಕ್ರೋವೇವ್ ಹತ್ತು ನಿಮಿಷ ಓಡಿಸಿದರೆ ಖರ್ಚು ಹೆಚ್ಚೆಂದರೆ 280. ಧಾರಾಳವಾಯಿತಲ್ಲ ಅನಿಸುತ್ತದೆ. ಆದರೆ ಅದರೊಳಗಿನ ಬಿಎಂಎಸ್ ಅನ್ನುವ ಕಾವಲು ಸರ್ಕ್ಯೂಟ್ ಸಾಮಾನ್ಯವಾಗಿ ಸತತವಾಗಿ 100 ಆಂಪ್‌ಗಿಂತ ಜಾಸ್ತಿ ಬಿಡುವುದಿಲ್ಲ. 140 ಕೇಳಿದರೆ ಬ್ಯಾಟರಿ ತನ್ನಷ್ಟಕ್ಕೆ ತಾನೇ ಬಂದ್ ಆಗುತ್ತದೆ, ದೀಪ ಸಮೇತ ಇಡೀ ಟ್ರೇಲರ್ ಕತ್ತಲು. ಹಳೇ ಲೆಡ್ ಆಸಿಡ್ ಬ್ಯಾಟರಿ ಒಂದೇ ಇದ್ದರಂತೂ ವೋಲ್ಟೇಜ್ ಕುಸಿದು ಇನ್ವರ್ಟರ್ ಕಿರುಚಿಕೊಳ್ಳಲು ಶುರು ಮಾಡುತ್ತದೆ. ಮೈಕ್ರೋವೇವ್ ಬೇಕೇ ಬೇಕು ಅಂದರೆ ಲಿಥಿಯಂ ಎರಡು ಬ್ಯಾಟರಿ ಪ್ಯಾರಲಲ್ ಆಗಿ, ಅಂದರೆ ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಸೇರಿಸಿ ಹಾಕಿ, ಆಮೇಲೆ 2000 ವ್ಯಾಟ್ ಮಾತಾಡಿ.

ನಿಜ ಹೇಳಬೇಕೆಂದರೆ ನಮ್ಮವರಿಗೆ ಅಷ್ಟು ಬೇಕಾಗುವುದೇ ಕಮ್ಮಿ. ಅನ್ನ, ಸಾರು, ದೋಸೆ ಎಲ್ಲ ಪ್ರೊಪೇನ್ ಒಲೆಯ ಮೇಲೆ ಆಗುತ್ತದೆ. ಕರೆಂಟ್ ಬೇಕಾಗುವುದು ಲ್ಯಾಪ್‌ಟಾಪ್‌ಗೆ, ಯಾರಿಗಾದರೂ ರಾತ್ರಿ ಉಸಿರಾಟದ ಸಿಪ್ಯಾಪ್ ಯಂತ್ರ ಇದ್ದರೆ ಅದಕ್ಕೆ, ಮತ್ತೆ ಮಿಕ್ಸಿಗೆ. ಇಲ್ಲಿನ ವೋಲ್ಟೇಜಿಗೆ ಮಾಡಿದ 750 ವ್ಯಾಟ್ ಮಿಕ್ಸಿಯಲ್ಲಿ ಎರಡು ನಿಮಿಷ ಚಟ್ನಿ ರುಬ್ಬಿದರೆ ಖರ್ಚಾಗುವುದು 25 ವ್ಯಾಟ್-ಅವರ್, ಬ್ಯಾಟರಿಗೆ ಅದು ಗೊತ್ತೇ ಆಗುವುದಿಲ್ಲ. ಇಷ್ಟಕ್ಕೆ 1000ದಿಂದ 1200 ವ್ಯಾಟ್‌ನ ಪ್ಯೂರ್ ಸೈನ್ ವೇವ್ ಇನ್ವರ್ಟರ್, ಅಂದರೆ ಮನೆ ಕರೆಂಟಿನ ಹಾಗೆ ನಯವಾದ ಅಲೆ ಕೊಡುವಂಥದ್ದು, ಸಾಕು. ಅಗ್ಗಕ್ಕೆ ಸಿಗುತ್ತದೆ ಅಂತ ಮೆಟ್ಟಿಲು ಮೆಟ್ಟಿಲಾದ ಅಲೆ ಕೊಡುವ ಮಾಡಿಫೈಡ್ ಸೈನ್ ತರಬೇಡಿ. ಮೋಟಾರ್ ಬಿಸಿಯಾಗುತ್ತದೆ, ಕೆಲವು ಯಂತ್ರಗಳು ಓಡುವುದೇ ಇಲ್ಲ. ಇನ್ನೊಂದು ವಿಷಯ, ದೊಡ್ಡ ಇನ್ವರ್ಟರ್ ಸುಮ್ನೆ ಆನ್ ಇದ್ದರೂ ತಾನೇ ತಿನ್ನುತ್ತದೆ. ಗಂಟೆಗೆ 20 ವ್ಯಾಟ್-ಅವರ್ ಅಂದರೆ ದಿನಕ್ಕೆ 480, ಒಂದು ಲಿಥಿಯಂ ಬ್ಯಾಟರಿಯ ಮೂರನೇ ಒಂದು ಪಾಲಿಗಿಂತ ಜಾಸ್ತಿ. ಹಾಸಿಗೆ ಪಕ್ಕದಲ್ಲಿ ರಿಮೋಟ್ ಸ್ವಿಚ್ ಇರಲಿ.

ಕೂರಿಸುವ ಜಾಗ ಬ್ಯಾಟರಿಗೆ ಆದಷ್ಟು ಹತ್ತಿರ ಇರಬೇಕು. ಹೆಚ್ಚಿನ ಟ್ರೇಲರ್‌ಗಳಲ್ಲಿ ಬ್ಯಾಟರಿ ಮುಂದಿನ ಮೂತಿಯ ಮೇಲೆ ಇರುವುದರಿಂದ ಅದರ ಹಿಂದಿನ ಸಾಮಾನಿನ ಗೂಡು ಒಳ್ಳೆಯದು. ಹೊರಗೆ ಮಳೆಗೆ ಬೇಡ. ಲೆಡ್ ಆಸಿಡ್ ಬ್ಯಾಟರಿ ಇರುವ ಗೂಡಿನೊಳಗೂ ಬೇಡ, ಅದು ಹೈಡ್ರೋಜನ್ ಬಿಡುತ್ತದೆ, ಇನ್ವರ್ಟರ್ ಕಿಡಿ ಹಾರಿಸಬಹುದು. ಗಾಳಿ ಆಡಬೇಕು. ಅದರ ಫ್ಯಾನಿನ ಬಾಯಿಗೆ ಕಂಬಳಿ ಒತ್ತಿ ತುಂಬಿಟ್ಟಿದ್ದನ್ನು ನೋಡಿದ್ದೇನೆ.

ತಂತಿಗೆ ಬಂದರೆ, 2000 ವ್ಯಾಟ್‌ಗೆ 12 ವೋಲ್ಟ್ ಕಡೆ 2/0 ಗೇಜ್ ಸಾಮಾನ್ಯ, ಹೆಬ್ಬೆರಳಿನಷ್ಟು ದಪ್ಪ. ಕೈಪಿಡಿಯಲ್ಲಿ ಹೇಳಿದ್ದಕ್ಕಿಂತ ತೆಳ್ಳಗಿನದು ಯಾವತ್ತೂ ಬೇಡ. ಆನ್‌ಲೈನ್‌ನಲ್ಲಿ ಅಗ್ಗದ ಕೇಬಲ್ ಬಂದರೆ ತುದಿ ಕತ್ತರಿಸಿ, ಒಂದು ಎಳೆಯನ್ನು ಚಾಕುವಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗಿದ್ದರೆ ಅದು ತಾಮ್ರದ ಲೇಪ ಕೊಟ್ಟ ಅಲ್ಯುಮಿನಿಯಂ, ವಾಪಸ್ ಕಳಿಸಿ. ಲಗ್ ಒತ್ತಲು ಹೈಡ್ರಾಲಿಕ್ ಕ್ರಿಂಪರ್ ಬೇಕು, ಸುತ್ತಿಗೆಯಲ್ಲಿ ಬಡಿಯುವುದಲ್ಲ. ಚೆನ್ನಾಗಿ ಒತ್ತಿದ ಲಗ್ಗನ್ನು ಅಡ್ಡಡ್ಡ ಕೊಯ್ದು ನೋಡಿದರೆ ಎಳೆಗಳೇ ಕಾಣುವುದಿಲ್ಲ, ಒಂದೇ ತಾಮ್ರದ ಗಟ್ಟಿಯಾಗಿರುತ್ತದೆ. ಒಂದನ್ನು ಹಾಳು ಮಾಡಿಯಾದರೂ ಸರಿ, ಹೀಗೆ ಕೊಯ್ದು ಪರೀಕ್ಷೆ ಮಾಡಿಕೊಳ್ಳಿ.

ಫ್ಯೂಸ್ ಪಾಸಿಟಿವ್ ತಂತಿಯಲ್ಲಿ, ಬ್ಯಾಟರಿಯ ಪಕ್ಕದಲ್ಲೇ ಇರಬೇಕು. ದೋಣಿಗಳ ವಿದ್ಯುತ್ ಮಾನದಂಡ 7 ಇಂಚಿನೊಳಗೆ ಅನ್ನುತ್ತದೆ, ಟ್ರೇಲರ್‌ಗೂ ಅದೇ ಪಾಲಿಸಿ. ಲಿಥಿಯಂ ಇದ್ದರೆ ಕ್ಲಾಸ್ ಟಿ ಫ್ಯೂಸ್ ಹಾಕಿ, 2000 ವ್ಯಾಟ್‌ಗೆ ಸಾಮಾನ್ಯವಾಗಿ 250 ಆಂಪ್. ಶಾರ್ಟ್ ಆದಾಗ ಈ ಬ್ಯಾಟರಿಗಳು ಕ್ಷಣದಲ್ಲಿ ಸಾವಿರಾರು ಆಂಪ್ ಸುರಿಯುತ್ತವೆ. ಸಾಧಾರಣ ಫ್ಯೂಸ್ ಕರಗಿದ ಮೇಲೂ ಆ ಸಂದಿಯಲ್ಲಿ ಕಿಡಿ ಹಚ್ಚಿಕೊಂಡು ಕರೆಂಟ್ ದಾಟಬಹುದು. ಕ್ಲಾಸ್ ಟಿ 20,000 ಆಂಪ್‌ವರೆಗೆ ಕತ್ತರಿಸುತ್ತದೆ. ದುಡ್ಡು ಜಾಸ್ತಿ, ಒಪ್ಪುತ್ತೇನೆ, ಆದರೆ ಮಕ್ಕಳು ಮಲಗುವುದು ಆ ಗೂಡಿನ ಪಕ್ಕದಲ್ಲೇ ಅಲ್ವಾ.

120 ವೋಲ್ಟ್ ಕಡೆಗೆ ಸುಲಭದ ದಾರಿ ಎಂದರೆ ಇನ್ವರ್ಟರ್‌ನ ಸ್ವಂತ ಪ್ಲಗ್ಗನ್ನೇ ಬಳಸುವುದು. ಕೆಲವರು ಟ್ರೇಲರ್‌ನ 30 ಆಂಪ್ ಕೇಬಲ್ಲನ್ನೇ ಇನ್ವರ್ಟರ್‌ಗೆ ಚುಚ್ಚುತ್ತಾರೆ. ಹಾಗೆ ಮಾಡಿದರೆ ಇನ್ವರ್ಟರ್ ಕರೆಂಟಿನಿಂದ ಕನ್ವರ್ಟರ್ ಓಡಿ ಅದೇ ಬ್ಯಾಟರಿಯನ್ನು ಚಾರ್ಜ್ ಮಾಡಲು ಹೊರಡುತ್ತದೆ, ಸುತ್ತಿ ಸುತ್ತಿ ಬ್ಯಾಟರಿ ಖಾಲಿ. ಕನ್ವರ್ಟರ್ ಬ್ರೇಕರ್ ಆಫ್ ಮಾಡಲೇಬೇಕು. ಗ್ಯಾಸಿನಲ್ಲೂ ಓಡುವ ಫ್ರಿಜ್ ಆಟೋದಲ್ಲಿದ್ದರೆ ಎಸಿ ಕಂಡ ಕೂಡಲೇ ಅದಕ್ಕೆ ಹಾರುತ್ತದೆ, ಗ್ಯಾಸಿಗೆ ಹಾಕಿಡಿ. ನೀರು ಕಾಯಿಸುವ ಎಲೆಕ್ಟ್ರಿಕ್ ಕಾಯಿಲ್ ಆಫ್ ಇರಲಿ. ಎರಡೂ ತುದಿಗೆ ಪಿನ್ ಇರುವ ಕೇಬಲ್ ಮಾಡಿಕೊಂಡು ಗೋಡೆಯ ಪ್ಲಗ್‌ಗೆ ಕರೆಂಟ್ ನುಗ್ಗಿಸುವ ಕೆಲಸ ಮಾತ್ರ ಯಾರೂ ಮಾಡಬೇಡಿ, ಜೀವ ಹೋಗುತ್ತದೆ. ಟ್ರಾನ್ಸ್‌ಫರ್ ಸ್ವಿಚ್ ಕೂರಿಸುವುದು, ನ್ಯೂಟ್ರಲ್ ಮತ್ತು ಗ್ರೌಂಡ್ ಎಲ್ಲಿ ಸೇರಬೇಕು ಅನ್ನುವುದು, ಇವನ್ನು ಆರ್‌ವಿ, ಅಂದರೆ ಇಂಥ ಓಡಾಡುವ ಮನೆಗಳ ಕೆಲಸ ಬಲ್ಲ ಎಲೆಕ್ಟ್ರಿಷಿಯನ್‌ಗೆ ಬಿಡಿ.

ಎಲ್ಲ ಜೋಡಿಸಿದ ಮೇಲೆ ನಿಮ್ಮ ಅತಿ ದೊಡ್ಡ ಲೋಡ್ ಆನ್ ಮಾಡಿ. ಮಲ್ಟಿಮೀಟರ್ ಹಿಡಿದು ಬ್ಯಾಟರಿಯ ತುದಿಯಲ್ಲಿ ವೋಲ್ಟೇಜ್ ನೋಡಿ, ತಕ್ಷಣ ಇನ್ವರ್ಟರ್ ತುದಿಯಲ್ಲೂ ನೋಡಿ. ವ್ಯತ್ಯಾಸ 0.3 ವೋಲ್ಟ್ ದಾಟಿದರೆ ಎಲ್ಲೋ ತಂತಿ ತೆಳ್ಳಗಿದೆ ಅಥವಾ ಲಗ್ ಸಡಿಲ ಇದೆ. ಐದು ನಿಮಿಷ ಓಡಿಸಿ, ಇನ್‌ಫ್ರಾರೆಡ್ ಥರ್ಮಾಮೀಟರ್ ಒಂದೊಂದೇ ಲಗ್‌ಗೆ ಹಿಡಿಯಿರಿ. ಬೇರೆಯವಕ್ಕಿಂತ ಜಾಸ್ತಿ ಬಿಸಿ ತೋರಿಸುವುದನ್ನು ಬಿಚ್ಚಿ ಮತ್ತೆ ಮಾಡಿ. ಟ್ರೇಲರ್ ರಸ್ತೆಯಲ್ಲಿ ಕುಲುಕುವುದರಿಂದ ನಟ್ ಸಡಿಲವಾಗುತ್ತದೆ, ಮೊದಲ ಪ್ರಯಾಣ ಮುಗಿದ ಕೂಡಲೇ ಬಿಗಿತ ಅಳೆಯುವ ಟಾರ್ಕ್ ರೆಂಚ್ ತಗೊಂಡು ಪ್ರತಿಯೊಂದನ್ನೂ ಇನ್ನೊಮ್ಮೆ ಬಿಗಿ ಮಾಡಿ. ನಮಸ್ಕಾರ.