ಪರೀಕ್ಷೆಗೆ ಕೂರದ ಗಾಯಕ

ನಮಸ್ಕಾರ. ಶ್ರೀಲಂಕಾದ ಕೊಲಂಬೊ ಬಾನುಲಿ ನಿಲಯ ರೇಡಿಯೋ ಸಿಲೋನ್ ಅಂದ ಕೂಡಲೇ ನಮ್ಮ ಹಿರಿಯರಿಗೆ ಬುಧವಾರದ ರಾತ್ರಿ, ಹಿಂದಿ ಚಿತ್ರಗೀತೆಗಳ ಕಾರ್ಯಕ್ರಮ ಬಿನಾಕಾ ಗೀತ್‌ಮಾಲಾ ನೆನಪಾಗುತ್ತದೆ. ಅದು ಶುರುವಾದದ್ದು 1952ರಲ್ಲಿ. ಅದೇ ವರ್ಷ ಅದೇ ನಿಲಯದ ಬಾಗಿಲು ಒಬ್ಬ ಸಿಂಹಳ ಗಾಯಕನಿಗೆ ಮುಚ್ಚಿತು. ಅವರ ಹೆಸರು ಸುನಿಲ್ ಶಾಂತ.

ಹುಟ್ಟಿದ್ದು 1915ರಲ್ಲಿ, ಕೊಲಂಬೊ ಹತ್ತಿರದ ಜಾ-ಎಲದಲ್ಲಿ. ಕ್ಯಾಥೊಲಿಕ್ ಮನೆತನ, ಮೊದಲ ಹೆಸರು ಜೋಸೆಫ್ ಜಾನ್. ಸ್ವಲ್ಪ ಕಾಲ ಮೇಷ್ಟ್ರಾಗಿದ್ದರು. ಆಮೇಲೆ ಹಾಡಿನ ಹುಚ್ಚು ಅವರನ್ನು ಶಾಂತಿನಿಕೇತನಕ್ಕೆ, ಅಲ್ಲಿಂದ ಲಕ್ನೋದ ಭಾತಖಂಡೆ ಸಂಗೀತ ಕಾಲೇಜಿಗೆ ಕರೆದೊಯ್ಯಿತು. 1944ರಲ್ಲಿ ಪದವಿ ಪಡೆದು ಊರಿಗೆ ಬಂದರು.

ರಾಗದ ಪಾಠ ಕಲಿತು ಬಂದವರು ರಾಗಗಳನ್ನೇ ಹಾಡಬೇಕಿತ್ತು, ಅಲ್ವಾ? ಇವರು ಹಾಗೆ ಮಾಡಲಿಲ್ಲ. ಆಗ ಹಿಂದಿ ಧಾಟಿಗೆ ಸಿಂಹಳ ಮಾತು ಕೂಡಿಸಿ ಹಾಡುವುದೇ ಜಾಸ್ತಿ. ಶಾಂತ ಅವರು ಮಾತಿನ ಏರಿಳಿತಕ್ಕೆ ತಕ್ಕಂತೆ ಸರಳ ಧಾಟಿ ಕಟ್ಟಿದರು. ಜೊತೆಗೆ ಪಾಶ್ಚಾತ್ಯ ವಾದ್ಯಗಳ ಮೇಳ ಸೇರಿಸಿದರು. ಸಂಸ್ಕೃತದ ಭಾರವಿಲ್ಲದ ಅಚ್ಚ ಸಿಂಹಳ ಬೇಕೆನ್ನುತ್ತಿದ್ದ ‘ಹೆಳ ಹವುಲ’ ಬಳಗ ಅವರಿಗೆ ಹತ್ತಿರವಾಗಿತ್ತು. ನಮ್ಮ ಅಚ್ಚಗನ್ನಡದವರ ಹಾಗೆ ಅನ್ನಿ.

1946ರಲ್ಲಿ ಕೊಲಂಬೊ ಬಾನುಲಿಯಲ್ಲಿ ಅವರ ‘ಓಲು ಪಿಪೀಲಾ’ ಕೇಳಿಬಂತು. ಓಲು ಅಂದರೆ ನೈದಿಲೆ. ನೈದಿಲೆ ಅರಳಿದೆ, ಗದ್ದೆ ತೂಗುತ್ತಿದೆ, ನೋಡು ತಂಗಿ, ಎಷ್ಟು ಬೆಳ್ಳಗಿದೆ ಅನ್ನುವಂಥ ಮಾತು. ‘ನಂಗೋ’ ಎಂದು ತಂಗಿಯನ್ನು ಕರೆಯುವ ಕಡೆ ದನಿಯನ್ನು ಸುಮ್ನೆ ಒಂಚೂರು ಎಳೆಯುತ್ತಾರೆ, ಅಷ್ಟೇ. ಆಲಾಪ ಇಲ್ಲ, ತಾನ ಇಲ್ಲ. ಮಕ್ಕಳೂ ಗುನುಗಬಹುದು.

1952ಕ್ಕೆ ಬರೋಣ. ಗಾಯಕರ ಪರೀಕ್ಷೆ ಮಾಡಲು ನಿಲಯದವರು ಭಾರತದಿಂದ ಪಂಡಿತ ರಾತಂಜನಕರ್ ಅವರನ್ನು ಕರೆಸಿದರು. ನಮ್ಮ ಬೈಲಹೊಂಗಲದ ಹಿಂದೂಸ್ತಾನಿ ಗಾಯಕ ಕೆ.ಜಿ. ಗಿಂಡೆ ಅವರ ಗುರು ಅಂದರೆ ನಿಮಗೆ ಗೊತ್ತಾಗುತ್ತದೆ. ಶಾಂತ ಓದಿದ ಲಕ್ನೋ ಕಾಲೇಜಿಗೂ ಈ ರಾತಂಜನಕರ್ ಅವರೇ ಮುಖ್ಯಸ್ಥರು! ಹೋಗಿ ನಾಲ್ಕು ಸ್ವರ ಹಾಡಿದ್ದರೆ ಸಾಕಿತ್ತು, ಪಾಸು. ಶಾಂತ ಹೋಗಲಿಲ್ಲ. ಸಿಂಹಳ ಹಾಡನ್ನು ಹಿಂದೂಸ್ತಾನಿ ತಕ್ಕಡಿಯಲ್ಲಿ ತೂಗಬಾರದು ಎಂಬುದು ಅವರ ವಾದ. ನಾನಂತೂ ಇದನ್ನು ಬರೀ ಹಟ ಅನ್ನಲಾರೆ. ಕಲಿಸಿದವರ ಮೇಲೆ ಸಿಟ್ಟಿಲ್ಲ, ಅಳತೆಗೋಲಿನ ಮೇಲೆ ತಕರಾರು.

ಬೆಲೆ ಮಾತ್ರ ದುಬಾರಿಯಾಯಿತು. ಬಾನುಲಿ ಹೋಯಿತು, ಅದರ ಜೊತೆ ಸಂಪಾದನೆಯೂ ಹೋಯಿತು. ಮನೆಯಲ್ಲಿ ಕಷ್ಟವೋ ಕಷ್ಟ. ನಡುವೆ ಸಿಂಹಳ ಚಿತ್ರ ನಿರ್ದೇಶಕ ಲೆಸ್ಟರ್ ಜೇಮ್ಸ್ ಪೀರಿಸ್ ಅವರು 1956ರ ‘ರೇಖಾವ’ ಚಿತ್ರಕ್ಕೆ ಸಂಗೀತ ಮಾಡಿಸಿದರು. ಆ ಚಿತ್ರ ಫ್ರಾನ್ಸಿನ ಕಾನ್ ಚಿತ್ರೋತ್ಸವದವರೆಗೂ ಹೋಯಿತು. 1967ರ ಹೊತ್ತಿಗೆ ನಿಲಯದವರೇ ಕರೆದರು, ಶಾಂತ ಮತ್ತೆ ಬಂದರು. 1981ರ ಏಪ್ರಿಲ್‌ನಲ್ಲಿ ತೀರಿಕೊಂಡರು.

ಮಾತು ಸಾಕು. ಈಗ ‘ಓಲು ಪಿಪೀಲಾ’ ಕೇಳಿ. ಆ ‘ನಂಗೋ’ ಬಂದಾಗ ಸ್ವಲ್ಪ ಕಿವಿಗೊಡಿ.