ಪುಸ್ತಕಕ್ಕೊಂದು ವಿಳಾಸ: ರೆಸ್ಟ್‌ಫುಲ್ ರೌಟ್ ಬರೆಯುವ ಬಗೆ

ಕೇಳುಗರಿಗೆ ನಮಸ್ಕಾರ.

ನಮ್ಮ ಕಾಸರಗೋಡು, ಮಂಜೇಶ್ವರ ಕಡೆಯ ಒಂದು ಗ್ರಂಥಾಲಯವನ್ನು ಮನಸ್ಸಿಗೆ ತಂದುಕೊಳ್ಳಿ. ಒಂದು ಗೋಡೆಯ ಕಪಾಟಿನಲ್ಲಿ ಕನ್ನಡ, ಎದುರು ಗೋಡೆಯ ಕಪಾಟಿನಲ್ಲಿ ಮಲಯಾಳ. ಪುಸ್ತಕಗಳ ಪಟ್ಟಿ, ಸದಸ್ಯರ ಪಟ್ಟಿ, ಯಾರು ಯಾವ ಪುಸ್ತಕ ಒಯ್ದಿದ್ದಾರೆ ಎಂಬ ಲೆಕ್ಕ ಇಷ್ಟನ್ನೂ ಒಂದು ವೆಬ್ ಅಪ್ಲಿಕೇಶನ್‌ಗೆ ತರಬೇಕು. ಕಾಲೇಜಿನ ಪ್ರಾಜೆಕ್ಟ್‌ಗೆ ಇಂಥ ಕೆಲಸ ಎತ್ತಿಕೊಳ್ಳುವ ಮಕ್ಕಳು ಡೇಟಾಬೇಸ್ ಟೇಬಲ್‌ಗಳನ್ನು ಶ್ರದ್ಧೆಯಿಂದ ಕಟ್ಟುತ್ತಾರೆ. ಯಾವ ವಿಳಾಸ ಕೇಳಿದರೆ ಯಾವ ಕೋಡ್ ಓಡಬೇಕೆಂದು ಬರೆದಿಡುವ ರೌಟ್ ಫೈಲಿಗೆ ಬಂದಾಗ ಮಾತ್ರ ಆ ಹೊತ್ತಿಗೆ ತೋಚಿದ ಹೆಸರನ್ನು ಬರೆದುಬಿಡುತ್ತಾರೆ. ಶೋ ಬುಕ್, ಆಡ್ ಬುಕ್, ಡಿಲೀಟ್ ಬುಕ್, ರಿನ್ಯೂ ಬುಕ್ ಎಂದು ಸಾಲುಗಳು ಬೆಳೆಯುತ್ತಲೇ ಹೋಗುತ್ತವೆ. ಇವತ್ತಿನ ಮಾತು ಆ ಫೈಲಿನ ಬಗ್ಗೆ. ಹೆಚ್ಚಿನ ಉದಾಹರಣೆಗಳು ರೂಬಿ ಆನ್ ರೈಲ್ಸ್ ಎಂಬ ವೆಬ್ ಫ್ರೇಮ್‌ವರ್ಕ್‌ನವು. ಲಾರಾವೆಲ್ ಎಂಬ ಇನ್ನೊಂದು ಫ್ರೇಮ್‌ವರ್ಕ್‌ನಲ್ಲಿ ಬರೆಯುವವರಿಗೂ ಬಹುಪಾಲು ಹೊಂದುತ್ತವೆ.

ವೆಬ್ ವ್ಯವಸ್ಥೆಗಳನ್ನು ಕಟ್ಟುವ ಒಂದು ಶೈಲಿಯಾದ ರೆಸ್ಟ್ ಎಂಬ ವಿಚಾರವನ್ನು ಹೆಸರಿಟ್ಟು ವಿವರಿಸಿದವರು ರಾಯ್ ಫೀಲ್ಡಿಂಗ್, 2000ನೇ ಇಸವಿಯ ತಮ್ಮ ಪಿಎಚ್‌ಡಿ ಪ್ರಬಂಧದಲ್ಲಿ. ಆದರೆ ನಾವು ರೌಟ್ ಫೈಲಿನಲ್ಲಿ ಕಾಣುವ ಏಳು ಕ್ರಿಯೆಗಳ ಕಟ್ಟು ಆ ಪ್ರಬಂಧದಲ್ಲಿಲ್ಲ. ಅದು ರೈಲ್ಸ್ ರೂಢಿಸಿದ ಪದ್ಧತಿ. 2007ರ ಜನವರಿಯಲ್ಲಿ ಬಂದ 1.2 ಆವೃತ್ತಿಯಿಂದ ಅದು ಬಳಕೆಗೆ ಬಂತು.

ತಿರುಳು ಇಷ್ಟು. ವಿಳಾಸ ವಸ್ತುವಿಗೆ, ಅಂದರೆ ರಿಸೋರ್ಸ್‌ಗೆ ಸೇರಿದ್ದು. ಆ ವಸ್ತುವಿಗೆ ಏನು ಮಾಡಬೇಕೆಂದು ಹೇಳುವುದು ಎಚ್‌ಟಿಟಿಪಿ ಮೆಥಡ್, ಅಂದರೆ ಕೋರಿಕೆಯ ಜೊತೆ ಹೋಗುವ ಗೆಟ್, ಪೋಸ್ಟ್‌ನಂಥ ಪದ. ರಿಸೋರ್ಸಸ್ ಬುಕ್ಸ್ ಎಂದು ಒಂದು ಸಾಲು ಬರೆದರೆ ಸಾಕು. ಸ್ಲಾಶ್ ಬುಕ್ಸ್ ಎಂಬ ವಿಳಾಸಕ್ಕೆ ಗೆಟ್ ಬಂದರೆ ಪಟ್ಟಿ, ಅಂದರೆ ಇಂಡೆಕ್ಸ್. ಅದೇ ವಿಳಾಸಕ್ಕೆ ಪೋಸ್ಟ್ ಬಂದರೆ ಹೊಸ ದಾಖಲೆ, ಅಂದರೆ ಕ್ರಿಯೇಟ್. ಸ್ಲಾಶ್ ಬುಕ್ಸ್ ಸ್ಲಾಶ್ 12 ಎಂಬಲ್ಲಿಗೆ ಗೆಟ್ ಬಂದರೆ ಶೋ, ಪ್ಯಾಚ್ ಬಂದರೆ ಅಪ್‌ಡೇಟ್, ಡಿಲೀಟ್ ಬಂದರೆ ಡಿಸ್ಟ್ರಾಯ್. ಇವುಗಳ ಜೊತೆಗೆ ಬರೇ ಫಾರಂ ತೋರಿಸುವ ಎರಡು, ನ್ಯೂ ಮತ್ತು ಎಡಿಟ್. ಒಟ್ಟು ಏಳು. ರೈಲ್ಸ್ ರೌಟ್ಸ್ ಎಂಬ ಕಮಾಂಡ್ ಕೊಟ್ಟು ನೋಡಿದರೆ ಎಂಟು ಸಾಲು ಕಾಣುತ್ತದೆ. ಅಪ್‌ಡೇಟ್‌ಗೆ ಪ್ಯಾಚ್, ಪುಟ್ ಎರಡೂ ಇರುವುದೇ ಅದಕ್ಕೆ ಕಾರಣ. ಬ್ರೌಸರ್ ಇಲ್ಲದೆ ಮೊಬೈಲ್ ಆ್ಯಪ್‌ಗಷ್ಟೇ ಮಾಹಿತಿ ಕೊಡುವುದಾದರೆ ಆ ಎರಡು ಫಾರಂಗಳು ಬೇಡ. ಲಾರಾವೆಲ್‌ನಲ್ಲಿ ಎಪಿಐ ರಿಸೋರ್ಸ್ ಎಂದು ಬರೆದರೆ ಐದೇ ಬರುತ್ತವೆ.

ಅಳಿಸುವ ಕೆಲಸವನ್ನು ಗೆಟ್ ಲಿಂಕಿಗೆ ಎಂದೂ ಕಟ್ಟಬೇಡಿ. ಗೆಟ್ ಎಂದರೆ ಓದುವುದು ಮಾತ್ರ ಎಂದು ನಂಬಿ ಸರ್ಚ್ ಎಂಜಿನ್‌ಗಳೂ ಬ್ರೌಸರ್‌ನ ಸಹಾಯಕ ತಂತ್ರಾಂಶಗಳೂ ಕೇಳದೆಯೇ ಲಿಂಕುಗಳನ್ನು ತೆರೆಯುತ್ತವೆ. 2005ರಲ್ಲಿ ಗೂಗಲ್ ವೆಬ್ ಆಕ್ಸೆಲರೇಟರ್ ಹಾಗೆ ಮುಂಚಿತವಾಗಿ ಲಿಂಕುಗಳನ್ನು ತೆರೆದಾಗ, ಅಳಿಸುವ ಕೊಂಡಿಗಳನ್ನು ಗೆಟ್‌ನಲ್ಲಿ ಇಟ್ಟಿದ್ದ ಅಪ್ಲಿಕೇಶನ್‌ಗಳಲ್ಲಿ ಜನರ ದಾಖಲೆಗಳೇ ಅಳಿದುಹೋದವು. ಎಚ್‌ಟಿಎಂಎಲ್ ಫಾರಂಗೆ ಪ್ಯಾಚ್, ಡಿಲೀಟ್ ಕಳುಹಿಸಲು ಬರುವುದಿಲ್ಲ. ಅದಕ್ಕೇ ಪೋಸ್ಟ್ ಕಳುಹಿಸಿ, ಅಂಡರ್‌ಸ್ಕೋರ್ ಮೆಥಡ್ ಎಂಬ ಅಡಗಿದ ಫೀಲ್ಡಿನಲ್ಲಿ ನಿಜವಾದ ಮೆಥಡ್ ಹೇಳುವ ಏರ್ಪಾಡು ಎರಡೂ ಫ್ರೇಮ್‌ವರ್ಕ್‌ಗಳಲ್ಲಿದೆ.

ಅಳಿಸಿದ ಮೇಲೆ ಪಟ್ಟಿಗೆ ಕಳುಹಿಸುವಾಗ ಉತ್ತರದ ಸಂಕೇತಸಂಖ್ಯೆಯಾಗಿ, ಅಂದರೆ ಸ್ಟೇಟಸ್ ಆಗಿ, 303 ಕೊಡಿ. ಜಾವಾಸ್ಕ್ರಿಪ್ಟ್‌ನ ಫೆಚ್ ಮೂಲಕ ಡಿಲೀಟ್ ಹೋಗಿದ್ದು, ಬೇರೆ ವಿಳಾಸಕ್ಕೆ ಹೋಗು ಎನ್ನುವ ಸಾಮಾನ್ಯ ಸಂಕೇತವಾದ 302 ಅನ್ನು ನೀವು ಕೊಟ್ಟರೆ, ಬ್ರೌಸರ್ ಹೊಸ ವಿಳಾಸಕ್ಕೂ ಡಿಲೀಟ್ ಅನ್ನೇ ಕಳುಹಿಸುತ್ತದೆ. ಪಟ್ಟಿಯ ವಿಳಾಸಕ್ಕೆ ಡಿಲೀಟ್ ರೌಟ್ ಇಲ್ಲದಿದ್ದರೆ ದೋಷ ಕಾಣುತ್ತದೆ, ಅದೇ ಪುಣ್ಯ. ಇನ್ನೊಂದು ದಾಖಲೆಯ ಪುಟಕ್ಕೆ ಕಳುಹಿಸಿದ್ದರೆ ಆ ದಾಖಲೆಯೂ ಹೋಯಿತು. 303 ಎಂದರೆ ಮುಂದಿನದನ್ನು ಗೆಟ್‌ನಲ್ಲೇ ಕೇಳು ಎಂದರ್ಥ.

ಇನ್ನು ಸಾಲುಗಳ ಕ್ರಮ. ಹುಡುಕುವ ಪುಟಕ್ಕೆ ಸ್ಲಾಶ್ ಬುಕ್ಸ್ ಸ್ಲಾಶ್ ಸರ್ಚ್ ಎಂಬ ರೌಟನ್ನು ರಿಸೋರ್ಸಸ್ ಸಾಲಿನ ಕೆಳಗೆ ಬರೆದರೆ ಅದು ಕೆಲಸ ಮಾಡುವುದೇ ಇಲ್ಲ. ರೌಟ್‌ಗಳನ್ನು ಮೇಲಿನಿಂದ ಕೆಳಕ್ಕೆ ಹೋಲಿಸುತ್ತಾ ಬರುವುದರಿಂದ ಮೊದಲು ಸಿಗುವುದು ಶೋ. ಅದು ಸರ್ಚ್ ಎಂಬುದನ್ನೇ ಐಡಿ ಎಂದುಕೊಂಡು ಡೇಟಾಬೇಸಿನಲ್ಲಿ ಹುಡುಕಿ, ದಾಖಲೆ ಇಲ್ಲವೆಂದು 404 ಕೊಡುತ್ತದೆ. ಲಾರಾವೆಲ್‌ನಲ್ಲಿ ಇಂಥ ಸಾಲನ್ನು ರಿಸೋರ್ಸ್ ಸಾಲಿಗಿಂತ ಮೇಲೆ ಬರೆಯಬೇಕು. ರೈಲ್ಸ್‌ನಲ್ಲಿ ರಿಸೋರ್ಸಸ್ ಬ್ಲಾಕಿನ ಒಳಗೆ ಕಲೆಕ್ಷನ್ ಎಂದು ಕೊಟ್ಟರೆ ಅದು ತಾನಾಗಿ ಮುಂದೆ ನಿಲ್ಲುತ್ತದೆ.

ನನ್ನ ಮಟ್ಟಿಗೆ ವಿಷಯದ ಹೃದಯ ಇನ್ನು ಮುಂದೆ ಇದೆ. ಪುಸ್ತಕ ಕೊಡುವುದು, ಮರಳಿ ಪಡೆಯುವುದು, ಅವಧಿ ವಿಸ್ತರಿಸುವುದು ಇವೆಲ್ಲ ಏಳು ಕ್ರಿಯೆಗಳಲ್ಲಿ ಇಲ್ಲವಲ್ಲ ಎಂದು ಹಲವರು ಪುಸ್ತಕದ ಕ್ರಿಯೆಗಳ ಕೋಡ್ ಇರುವ ಬುಕ್ಸ್ ಕಂಟ್ರೋಲರಿಗೆ ಇಶ್ಯೂ, ರಿಟರ್ನ್, ರಿನ್ಯೂ ಎಂಬ ಕ್ರಿಯೆಗಳನ್ನು ಸೇರಿಸುತ್ತಾರೆ. ಆರು ತಿಂಗಳಲ್ಲಿ ಆ ಕಂಟ್ರೋಲರ್ ಹಿಡಿತಕ್ಕೆ ಸಿಗದಷ್ಟು ಬೆಳೆಯುತ್ತದೆ. ಬದಲಿಗೆ ನಿಂತು ಯೋಚಿಸಿ: ಪುಸ್ತಕ ಕೊಟ್ಟಾಗ ಹುಟ್ಟುವ ವಸ್ತು ಯಾವುದು? ಎರವಲಿನ ದಾಖಲೆ. ಅದಕ್ಕೆ ಲೋನ್ಸ್ ಎಂಬ ರಿಸೋರ್ಸ್ ಮಾಡಿ. ಪುಸ್ತಕ ಕೊಡುವುದೆಂದರೆ ಲೋನ್ಸ್‌ನ ಕ್ರಿಯೇಟ್. ಅವಧಿ ವಿಸ್ತರಣೆಯೂ ಒಂದು ದಾಖಲೆಯೇ. ಸ್ಲಾಶ್ ಲೋನ್ಸ್ ಸ್ಲಾಶ್ 45 ಸ್ಲಾಶ್ ರಿನ್ಯೂವಲ್ಸ್ ಎಂಬಲ್ಲಿಗೆ ಪೋಸ್ಟ್ ಬಂದರೆ ಹೊಸ ವಿಸ್ತರಣೆ. ಈ ಪುಸ್ತಕವನ್ನು ಎಷ್ಟು ಸಲ ವಿಸ್ತರಿಸಿದ್ದಾರೆ, ಕಳೆದ ಸಲ ಯಾರು ಒಪ್ಪಿಗೆ ಕೊಟ್ಟರು ಎಂದು ಗ್ರಂಥಪಾಲಕರು ಕೇಳುವ ದಿನ ಬಂದೇ ಬರುತ್ತದೆ. ರಿನ್ಯೂ ಎಂಬ ಕ್ರಿಯೆ ಗಡುವಿನ ತಾರೀಕನ್ನು ತಿದ್ದಿ ಸುಮ್ಮನಾಗಿದ್ದರೆ ಉತ್ತರವಿರುವುದಿಲ್ಲ. ದಾಖಲೆಯಾಗಿದ್ದರೆ ಉತ್ತರ ಅಲ್ಲೇ ಇರುತ್ತದೆ. ಲೋನ್ಸ್‌ಗೆ, ಇದೊಂದನ್ನು ಬಿಟ್ಟು ಎನ್ನುವ ಎಕ್ಸೆಪ್ಟ್ ಹಾಕಿ ಡಿಸ್ಟ್ರಾಯ್ ತೆಗೆದುಬಿಡಿ. ಎರವಲಿನ ಲೆಕ್ಕವನ್ನು ಅಳಿಸುವ ದಾರಿ ಯಾರಿಗೂ ಇರಬಾರದು.

ಒಂದರೊಳಗೆ ಒಂದು ರಿಸೋರ್ಸ್ ಇಡುವಾಗ ಒಂದು ಹಂತ ಸಾಕು. ಸದಸ್ಯ 7ರ ಎರವಲುಗಳ ಪಟ್ಟಿಗೆ ಸ್ಲಾಶ್ ಮೆಂಬರ್ಸ್ ಸ್ಲಾಶ್ 7 ಸ್ಲಾಶ್ ಲೋನ್ಸ್ ಎಂಬುದು ಸರಿಯೇ. ಒಂದೇ ಎರವಲನ್ನು ನೋಡಲು ಅದರ ಸ್ವಂತ ಐಡಿ ಸಾಕು, ಸದಸ್ಯನ ಸಂಖ್ಯೆ ಬೇಡ. ಶ್ಯಾಲೋ ಎಂಬ ಆಯ್ಕೆ ಕೊಟ್ಟರೆ ರೈಲ್ಸ್ ಹಾಗೆಯೇ ಮಾಡುತ್ತದೆ. ಉದ್ದದ ವಿಳಾಸ ಇಟ್ಟುಕೊಂಡವರು ಒಂದು ಅಪಾಯವನ್ನು ನೋಡಲೇಬೇಕು. ವಿಳಾಸದಲ್ಲಿ ಸದಸ್ಯ 7 ಎಂದಿದ್ದರೂ ಕಂಟ್ರೋಲರ್ ಬರೇ ಎರವಲು 45ನ್ನು ಹುಡುಕಿದರೆ, ಯಾರಾದರೂ ಸಂಖ್ಯೆ ಬದಲಿಸಿ ಬೇರೆಯವರು ಓದುವ ಪುಸ್ತಕಗಳನ್ನು ನೋಡಬಹುದು. ಲಾಗಿನ್ ಆದ ಸದಸ್ಯರ ಎರವಲುಗಳ ಒಳಗೇ ಹುಡುಕಿಸಿ.

ಎರಡು ಭಾಷೆಯ ಗ್ರಂಥಾಲಯಕ್ಕೆ ಬೇರೆಯೇ ತೊಡಕುಗಳಿವೆ. ಪುಸ್ತಕಗಳನ್ನು ವಿಷಯವಾರು ಸಂಖ್ಯೆ ಕೊಟ್ಟು ವಿಂಗಡಿಸುವ ಡ್ಯೂಯಿ ವರ್ಗೀಕರಣದಲ್ಲಿ ಕನ್ನಡ ಸಾಹಿತ್ಯ 894.814, ಮಲಯಾಳ ಸಾಹಿತ್ಯ 894.812. ವರ್ಗಸಂಖ್ಯೆಯನ್ನೇ ಐಡಿಯಾಗಿ ಬಳಸಿ ಸ್ಲಾಶ್ ಸಬ್ಜೆಕ್ಟ್ಸ್ ಸ್ಲಾಶ್ 894.814 ಎಂದು ಕೇಳಿದರೆ, ರೈಲ್ಸ್ ಚುಕ್ಕಿಯಲ್ಲಿ ಕತ್ತರಿಸಿ 894 ಐಡಿ, 814 ಉತ್ತರದ ಫಾರ್ಮ್ಯಾಟ್ ಎಂದು ತಿಳಿಯುತ್ತದೆ. ಮಲಯಾಳದ ವಿಳಾಸಕ್ಕೂ ಐಡಿ 894 ಎಂದೇ ಆಗುತ್ತದೆ. ಎರಡು ಕಪಾಟಿಗೂ ಒಂದೇ ಉತ್ತರ. ಐಡಿಗೆ ಕನ್‌ಸ್ಟ್ರೇಂಟ್, ಅಂದರೆ ಕಟ್ಟುಪಾಡು ಹಾಕಿ: ಮೂರು ಅಂಕಿ, ಬೇಕಿದ್ದರೆ ಚುಕ್ಕಿ, ಆಮೇಲೆ ಅಂಕಿಗಳು. ಹೀಗೆ ಬಿಗಿಯಾಗಿ ಹೇಳಿದರೆ ಕೊನೆಗೆ ಡಾಟ್ ಜೇಸನ್ ಸೇರಿಸಿದ ವಿಳಾಸವೂ ಸರಿಯಾಗಿ ಬಿಡಿಸಿಕೊಳ್ಳುತ್ತದೆ.

ಊರಿನ ಹೆಸರನ್ನು ಕನ್ನಡ ಅಕ್ಷರದಲ್ಲೇ ವಿಳಾಸಕ್ಕೆ ತರಬಹುದು, ತಡೆಯೇನಿಲ್ಲ. ಆದರೆ ಕುಂಬಳೆ ಎಂಬ ಪದದಲ್ಲಿ ಆರು ಯೂನಿಕೋಡ್ ಸಂಕೇತಗಳಿವೆ. ಒಂದೊಂದಕ್ಕೆ ಮೂರು ಬೈಟು, ಒಂದೊಂದು ಬೈಟಿಗೆ ಶೇಕಡಾ ಚಿಹ್ನೆ ಸೇರಿ ಮೂರು ಅಕ್ಷರ. ಹಾಗಾಗಿ ವಿಳಾಸವನ್ನು ನಕಲು ಮಾಡಿ ಅಂಟಿಸಿದರೆ 54 ಅಕ್ಷರ ಕಾಣಬಹುದು. ಉದ್ದ ಸಹಿಸಬಹುದು, ಇನ್ನೊಂದು ತೊಂದರೆ ಕಣ್ಣಿಗೇ ಕಾಣುವುದಿಲ್ಲ. ಕಾಸರಗೋಡು ಎಂಬಲ್ಲಿನ ಓತ್ವದ ದೀರ್ಘವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ಸಂಕೇತ ಜೋಡಿಸಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಬೈಟುಗಳನ್ನೇ ಹೋಲಿಸುವ ಡೇಟಾಬೇಸಿಗೆ ಅವು ಬೇರೆ ಬೇರೆ ಪದ, ಉತ್ತರ 404. ಉಳಿಸುವಾಗಲೂ ಹುಡುಕುವಾಗಲೂ ಬಿಡಿ ಸಂಕೇತಗಳನ್ನು ಕೂಡಿಸಿಕೊಳ್ಳುವ ಎನ್‌ಎಫ್‌ಸಿ ಎಂಬ ಒಂದೇ ಯೂನಿಕೋಡ್ ರೂಪಕ್ಕೆ ತಂದುಕೊಂಡರೆ ಇದು ಬಗೆಹರಿಯುತ್ತದೆ.

ಭಾಷೆಯನ್ನೇ ವಿಳಾಸದ ಮೊದಲ ತುಂಡಾಗಿ ಇಡುವುದಾದರೆ ಅದಕ್ಕೆ ಕೆಎನ್ ಅಥವಾ ಎಂಎಲ್ ಮಾತ್ರ ಎಂಬ ಕಟ್ಟುಪಾಡು ಹಾಕಿ. ಇಲ್ಲವಾದರೆ ಭಾಷೆಯ ಮುಖಪುಟದ ಸಾಲು ಮೇಲೆ ಇದ್ದಾಗ, ಸ್ಲಾಶ್ ಬುಕ್ಸ್ ಎಂಬುದನ್ನೂ ಒಂದು ಭಾಷೆ ಎಂದುಕೊಂಡು ಅದು ನುಂಗಿಬಿಡುತ್ತದೆ.

ಬರೆದು ಮುಗಿದ ಮೇಲೆ ರೈಲ್ಸ್ ರೌಟ್ಸ್, ಲಾರಾವೆಲ್ ಆದರೆ ಆರ್ಟಿಸನ್ ರೌಟ್ ಲಿಸ್ಟ್ ಕಮಾಂಡ್ ಕೊಟ್ಟು ಪ್ರತಿ ಸಾಲನ್ನೂ ಓದಿ. ರೈಲ್ಸ್ 7.1ರಿಂದ ಈಚೆಗೆ ಅದಕ್ಕೆ ಅನ್‌ಯೂಸ್ಡ್ ಎಂಬ ಆಯ್ಕೆ ಸೇರಿಸಿದರೆ, ರೌಟ್ ಇದ್ದೂ ಕಂಟ್ರೋಲರಿನಲ್ಲಿ ಕ್ರಿಯೆ ಇಲ್ಲದ ಸಾಲುಗಳನ್ನು ಬೇರೆಯಾಗಿ ತೋರಿಸುತ್ತದೆ. ಅವನ್ನು ಓನ್ಲಿ ಅಥವಾ ಎಕ್ಸೆಪ್ಟ್ ಹಾಕಿ ತೆಗೆದುಬಿಡಿ. ನಮಸ್ಕಾರ.