ಮುಖದ ತಂಟೆಗೆ ಹೋಗಬೇಡಿ

ಕೇಳುಗರಿಗೆಲ್ಲ ನಮಸ್ಕಾರ.

ನಾನು ಚರ್ಮರೋಗದ ಡಾಕ್ಟರು. ಇವತ್ತು ನನಗೆ ಕೊಟ್ಟಿರುವ ವಿಷಯ ರೊಸೇಷಿಯಾ. ಹೆಸರು ಕೇಳಿ ಸ್ಟೇಷನ್ ಬದಲಿಸಬೇಡಿ. ಹೆಸರು ಹೊಸದಿರಬಹುದು, ಕಾಯಿಲೆ ಮಾತ್ರ ನಿಮ್ಮ ಪಕ್ಕದಲ್ಲಿ ಕೂತವರಿಗೇ ಇರಬಹುದು.

ಅದು ಹೇಗಿರುತ್ತದೆ ಅಂದರೆ, ಸುಮ್ನೆ ಕೂತಿದ್ದಾಗ ಮುಖಕ್ಕೆ ಕಾವು ಹತ್ತುತ್ತದೆ. ಕೆನ್ನೆ, ಮೂಗು, ಗಲ್ಲ, ಹಣೆಯ ನಡುಭಾಗ. ಒಲೆಯ ಮುಂದೆ ಕೂತು ಎದ್ದು ಬಂದ ಹಾಗೆ. ಮೊದಮೊದಲು ಸ್ವಲ್ಪ ಹೊತ್ತಿಗೆ ಇಳಿಯುತ್ತದೆ. ವರ್ಷ ಕಳೆದ ಹಾಗೆ ಇಳಿಯುವುದನ್ನೇ ಮರೆಯುತ್ತದೆ, ಕೆಂಪು ಅಲ್ಲೇ ಮನೆ ಮಾಡುತ್ತದೆ. ಮೂಗಿನ ಪಕ್ಕದಲ್ಲಿ ಕೆಂಪು ದಾರದ ಎಳೆಯಂಥ ರಕ್ತನಾಳಗಳು ಕಾಣುತ್ತವೆ. ಕೆಲವರಿಗೆ ಗುಳ್ಳೆ ಏಳುತ್ತದೆ, ಕೀವು ತುಂಬುತ್ತದೆ. ಆಗ ನೋಡಿದವರೆಲ್ಲ ‘ಈ ವಯಸ್ಸಲ್ಲಿ ಮೊಡವೆನಾ?’ ಅಂತ ಕೇಳುತ್ತಾರೆ. ಮೊಡವೆ ಅಲ್ಲ ಇದು. ಮೊಡವೆಯ ಜೊತೆ ಬ್ಲ್ಯಾಕ್‌ಹೆಡ್ ಇರುತ್ತದೆ, ಇದರಲ್ಲಿ ಇರುವುದಿಲ್ಲ. ಮೊಡವೆ ಹರೆಯದ ಕಾಟ. ಇದು ಸಾಮಾನ್ಯವಾಗಿ 30 ದಾಟಿದವರ ಕಾಟ.

ಮೈಬಣ್ಣ ಕಪ್ಪಗಿದ್ದವರಿಗೆ ಕೆಂಪು ಸರಿಯಾಗಿ ಕಾಣುವುದೇ ಇಲ್ಲ. ಹಾಗಾಗಿ ಎಷ್ಟೋ ಜನರಿಗೆ ಹೆಸರೇ ಗೊತ್ತಾಗದೆ ವರ್ಷಗಳು ಕಳೆದುಹೋಗುತ್ತವೆ. ಅಂಥವರು ಬಣ್ಣ ನೋಡಬೇಡಿ, ಉರಿ ನೋಡಿ. ಕೈಯ ಹಿಂಭಾಗವನ್ನು ಕೆನ್ನೆಗೆ ಇಟ್ಟಾಗ ಬಿಸಿ ಹತ್ತುತ್ತದಾ? ನೀರು ತಾಗಿದರೂ ಚುರುಚುರು ಅನ್ನುತ್ತದಾ? ಅದೇ ಗುರುತು.

ಈಗ ನಾನು ಹೇಳಬೇಕಾದ ಒಂದೇ ಮಾತು. ಮುಂದೆ ಹತ್ತು ಸಲ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಮುಖದ ತಂಟೆಗೆ ಹೋಗಬೇಡಿ. ಇಷ್ಟೇ.

ಯಾಕೆ ಅಂತ ಹೇಳುತ್ತೇನೆ. ಎಲೆ ಬಿದ್ದರೂ ಬೊಗಳುವ ನಾಯಿ ಇರುತ್ತದಲ್ಲ, ರೊಸೇಷಿಯಾ ಇರುವ ಚರ್ಮ ಹಾಗೆ. ಅಲ್ಲಿನ ನರಗಳಿಗೂ ರಕ್ತನಾಳಗಳಿಗೂ ಅತಿ ಎಚ್ಚರ. ಬೇರೆಯವರ ಮುಖ ಲೆಕ್ಕಕ್ಕೇ ಇಡದ ಬಿಸಿಲು, ಬಿಸಿ, ಖಾರ, ಮದ್ಯ, ಗಾಳಿ, ಸಿಟ್ಟು, ಎಲ್ಲಕ್ಕೂ ಇದು ಬೊಗಳುತ್ತದೆ. ಇದರಲ್ಲಿ ಒಂದು ಸ್ವಾರಸ್ಯ ನೋಡಿ. ಸುಮಾರು 43 ಡಿಗ್ರಿ ದಾಟಿದ ಬಿಸಿಗೆ ತೆರೆದುಕೊಳ್ಳುವ ಒಂದು ಬಾಗಿಲು ನಮ್ಮ ನರಗಳಲ್ಲಿದೆ. ಮೆಣಸಿನಕಾಯಿಯ ಖಾರ ತೆರೆಯುವುದೂ ಅದೇ ಬಾಗಿಲನ್ನ. ಖಾರ ತಿಂದು ‘ಬಾಯಿ ಸುಡುತ್ತೆ’ ಅನ್ನುತ್ತೇವಲ್ಲ, ನರದ ಮಟ್ಟಿಗೆ ಅದು ಸತ್ಯವಾದ ಮಾತು.

ಇಂಥ ನಾಯಿಯನ್ನು ಸಮಾಧಾನ ಮಾಡಲು ನೀವು ಏನು ಮಾಡುತ್ತೀರಿ? ಕೋಲು ಹಿಡಿದು ತಿವಿಯುತ್ತೀರಿ. ಹೌದು, ನಿಂಬೆರಸ ಹಚ್ಚುವುದು, ಸಕ್ಕರೆ ಹಾಕಿ ಉಜ್ಜುವುದು, ಹಬೆ ತೆಗೆದುಕೊಳ್ಳುವುದು, ಎಲ್ಲ ಅದೇ. ಕೇಳಿದರೆ ‘ಡಾಕ್ಟ್ರೇ, ಇದು ನ್ಯಾಚುರಲ್’ ಅನ್ನುತ್ತೀರಿ. ಸ್ವಾಮಿ, ತುರಚೆ ಸೊಪ್ಪೂ ನ್ಯಾಚುರಲ್ಲೇ.

ಒಬ್ಬ ಟೀಚರ್ ಕಥೆ ಹೇಳುತ್ತೇನೆ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವರು, ವಯಸ್ಸು 46. ಮೊದಲ ಸಲ ಬಂದಾಗ ಒಂದು ಬಟ್ಟೆ ಚೀಲ ತಂದಿದ್ದರು. ಕೂತ ತಕ್ಷಣ ಅದನ್ನು ನನ್ನ ಮೇಜಿನ ಮೇಲೆ ಬಗ್ಗಿಸಿದರು. ಎಣಿಸಿದೆ. 14 ಬಾಟಲಿ, ಡಬ್ಬಿ, ಟ್ಯೂಬು. ಪುದೀನ ಎಣ್ಣೆ, ನೀಲಗಿರಿ ಎಣ್ಣೆ, ಸೇಬಿನ ವಿನೆಗರ್, ಅಡುಗೆ ಸೋಡಾ, ಗುಲಾಬಿ ವಾಸನೆಯ ಟೋನರ್. ಒಂದು ಟೂತ್‌ಪೇಸ್ಟ್ ಕೂಡ. ಗುಳ್ಳೆ ಒಣಗುತ್ತದೆ ಅಂತ ಯಾರೋ ಹೇಳಿದ್ದರಂತೆ.

‘ಮಕ್ಕಳು ನಾನು ಯಾವಾಗಲೂ ಸಿಟ್ಟಲ್ಲಿದ್ದೀನಿ ಅಂತ ಹೆದರ್ತಾರೆ ಡಾಕ್ಟ್ರೇ. ಅದು ಹೋಗ್ಲಿ, ಸ್ಟಾಫ್ ರೂಮಲ್ಲಿ ಬೇರೆನೇ ಮಾತಾಡ್ತಾರೆ’ ಅಂದರು. ಬೇರೆ ಅಂದರೆ ಏನು ಅಂತ ನಾನು ಕೇಳಬೇಕಾಗಿರಲಿಲ್ಲ. ಮೂಗು ಕೆಂಪಗಿದ್ದರೆ ಕುಡುಕ ಅನ್ನುವುದು ಹಳೆಯ ಅನ್ಯಾಯ. ಮದ್ಯ ಉರಿ ಹೆಚ್ಚಿಸುತ್ತದೆ ನಿಜ, ಆದರೆ ಒಂದು ತೊಟ್ಟು ಮುಟ್ಟದವರಿಗೂ ಈ ಕಾಯಿಲೆ ಬರುತ್ತದೆ. ಇಟಲಿಯ ಚಿತ್ರಕಾರ ಗಿರ್ಲಾಂಡಾಯೊ 1490ರ ಆಸುಪಾಸಿನಲ್ಲಿ ಒಬ್ಬ ಮುದುಕನನ್ನೂ ಅವನ ಮೊಮ್ಮಗನನ್ನೂ ಬರೆದಿದ್ದಾನೆ. ಚಿತ್ರ ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂನಲ್ಲಿದೆ. ಮುದುಕನ ಮೂಗು ಗಂಟುಗಂಟಾಗಿ ಊದಿದೆ. ಈ ಕಾಯಿಲೆ ಮುಂದುವರಿದಾಗ ಕೆಲವರಿಗೆ, ಅದರಲ್ಲೂ ಗಂಡಸರಿಗೆ, ಮೂಗು ಹಾಗೇ ಆಗುತ್ತದೆ. ಆ ಮಗು ಆ ಮೂಗನ್ನು ಹೇಗೆ ನೋಡುತ್ತಿದೆ ಗೊತ್ತಾ? ಅಷ್ಟು ಪ್ರೀತಿಯಿಂದ. ಇರಲಿ, ಟೀಚರ್ ಕಥೆಗೆ ಬರೋಣ.

ಬಾಟಲಿಗಳನ್ನು ಒಂದೊಂದಾಗಿ ಎತ್ತಿ ಚೀಲಕ್ಕೆ ವಾಪಸ್ ಹಾಕಿದೆ. ನಿಂಬೆ, ವಿನೆಗರ್ ತುಂಬಾ ಹುಳಿ. ಅಡುಗೆ ಸೋಡಾ ಅದರ ಉಲ್ಟಾ, ಕ್ಷಾರ. ಹುಳಿ, ಕ್ಷಾರ ಅಳೆಯುವ ಲೆಕ್ಕಕ್ಕೆ ಪಿಎಚ್ ಅನ್ನುತ್ತೇವೆ. ನಮ್ಮ ಚರ್ಮದ್ದು 5ರ ಹತ್ತಿರ, ಅಂದರೆ ಸ್ವಲ್ಪವೇ ಹುಳಿ. ಸಾಮಾನ್ಯ ಸೋಪಿನದು 9, 10, ಅಂದರೆ ಕ್ಷಾರ. ಎರಡೂ ಕಡೆ ಎಳೆದಾಡಿದರೆ ಮೇಲ್ಪದರ ಬಿರುಕು ಬಿಡದೆ ಇನ್ನೇನು ಮಾಡುತ್ತದೆ? ಪುದೀನ, ನೀಲಗಿರಿ, ಕರ್ಪೂರ ಹಚ್ಚಿದಾಗ ತಂಪು ಅನ್ನಿಸುತ್ತದೆ. ತಂಪಲ್ಲ ಅದು. ನರಕ್ಕೆ ಚಿವುಟಿದ್ದು.

ಕೊನೆಗೆ ಒಂದು ಪುಟ್ಟ ಟ್ಯೂಬ್ ಉಳಿಯಿತು, ಬುಡದಿಂದ ಸುರುಳಿ ಸುತ್ತಿ ಹಿಂಡಿದ್ದು. ‘ಇದೊಂದೇ ಡಾಕ್ಟ್ರೇ ಕೆಲಸ ಮಾಡಿದ್ದು. ಮೂರೇ ದಿನಕ್ಕೆ ಕೆಂಪೆಲ್ಲ ಹೋಗಿತ್ತು’ ಅಂದರು. ಓದಿದೆ. ಸ್ಟೀರಾಯ್ಡ್ ಕ್ರೀಮ್. ನನಗೆ ಸಿಟ್ಟು ಬಂದದ್ದು ಆಗ. ಅವರ ಮೇಲಲ್ಲ, ಹಚ್ಚು ಅಂತ ಕೊಟ್ಟವರ ಮೇಲೆ. ಸ್ಟೀರಾಯ್ಡ್ ಕ್ರೀಮ್ ಮೊದಲು ಮುಖವನ್ನು ಹಾಲಿನ ಹಾಗೆ ಮಾಡುತ್ತದೆ. ಆಮೇಲೆ ಚರ್ಮ ತೆಳ್ಳಗಾಗುತ್ತದೆ, ರಕ್ತನಾಳ ಹಿಗ್ಗುತ್ತದೆ, ಬಿಟ್ಟ ದಿನದಿಂದ ಉರಿ ಎರಡು ಪಟ್ಟಾಗುತ್ತದೆ. ಉರಿ ತಾಳದೆ ಮತ್ತೆ ಹಚ್ಚುತ್ತೀರಿ. ರೊಸೇಷಿಯಾ ಇಲ್ಲದವರಿಗೂ ಅದು ರೊಸೇಷಿಯಾ ತರಿಸುತ್ತದೆ. ಹಚ್ಚುತ್ತಿದ್ದರೆ ಡಾಕ್ಟರಿಗೆ ತೋರಿಸಿ, ಆಮೇಲೆ ನಿಲ್ಲಿಸಿ. ಬಿಟ್ಟ ಮೇಲೆ ಕೆಲವು ವಾರ ಕಷ್ಟ ಇರುತ್ತದೆ, ತಡೆದುಕೊಳ್ಳಬೇಕು.

ಮೇಜಿನ ಮೇಲೆ ಏನೂ ಉಳಿಯಲಿಲ್ಲ. ಚೀಟಿಯಲ್ಲಿ ಮೂರು ಬರೆದೆ. ನೊರೆ ಕಮ್ಮಿ ಇರುವ, ವಾಸನೆ ಇಲ್ಲದ ಕ್ಲೆನ್ಸರ್. ವಾಸನೆ ಇಲ್ಲದ ಮಾಯಿಶ್ಚರೈಸರ್. ಸನ್‌ಸ್ಕ್ರೀನ್. ‘ಇಷ್ಟೇನಾ?’ ಅಂದರು. ಆ ‘ಇಷ್ಟೇನಾ’ದಲ್ಲಿ ಎಷ್ಟು ನಿರಾಸೆ ಇತ್ತು ಅಂತೀರಿ! ಫೀಸು ಕೊಟ್ಟು ಬಂದವರಿಗೆ ಏನೂ ಮಾಡಬೇಡಿ ಅಂದರೆ ಮೋಸ ಆದ ಹಾಗೆ ಅಲ್ವಾ? ಅದಕ್ಕೇ ಒಂದು ಕೆಲಸ ಕೊಟ್ಟೆ. ‘ಟೀಚರ್, ಒಂದು ನೋಟ್‌ಬುಕ್ ಇಡಿ. ಮುಖ ಯಾವಾಗ ಉರಿಯಿತು, ಅದಕ್ಕೆ ಮುಂಚೆ ಏನು ಮಾಡಿದಿರಿ, ಬರೆಯಿರಿ’ ಅಂದೆ.

ತಿಂಗಳಾದ ಮೇಲೆ ಬಂದರು. ಗಣಿತದವರು ನೋಡಿ, ಬರೀ ಬರೆದಿರಲಿಲ್ಲ. ಚೌಕದ ಹಾಳೆಯಲ್ಲಿ ಗ್ರಾಫ್ ಹಾಕಿದ್ದರು! ಅಡ್ಡಕ್ಕೆ ಗಂಟೆ, ಉದ್ದಕ್ಕೆ ಉರಿ, ಹತ್ತಕ್ಕೆ ಎಷ್ಟು ಅಂತ. ಬೆಳಗ್ಗೆ ಎಂಟಕ್ಕೆ ಒಂದು ಗುಡ್ಡ, ಸಂಜೆ ನಾಲ್ಕೂವರೆಗೆ ಇನ್ನೊಂದು. ಭಾನುವಾರದ ಗೆರೆ ಮಾತ್ರ ನೆಲಕ್ಕೆ ಅಂಟಿಕೊಂಡಿತ್ತು.

‘ಎಂಟಕ್ಕೆ ಚಹಾ ಕುಡಿಯೋದು ಡಾಕ್ಟ್ರೇ. ಚಹಾ ಬಿಟ್ಟುಬಿಡೋಣ ಅಂದುಕೊಂಡೆ. ಆದರೆ ಭಾನುವಾರನೂ ಅದೇ ಚಹಾ ಕುಡೀತೀನಲ್ಲ! ಭಾನುವಾರ ಪೇಪರ್ ಓದ್ತಾ ಕುಡಿಯೋದು, ಅಷ್ಟೊತ್ತಿಗೆ ಆರಿರುತ್ತೆ. ಹಾಗಾದರೆ ತಪ್ಪು ಚಹಾದ್ದಲ್ಲ, ಬಿಸಿದು.’

ನಾನು ಎದ್ದು ನಿಂತು ಕೈ ಮುಗಿಯುವುದೊಂದು ಬಾಕಿ. ಇದನ್ನೇ 1981ರಲ್ಲಿ ಸಂಶೋಧಕರು ಪರೀಕ್ಷೆ ಮಾಡಿ ನೋಡಿದ್ದರು. 60 ಡಿಗ್ರಿ ಬಿಸಿಯ ಕಾಫಿ ಕುಡಿದವರ ಮುಖ ಕೆಂಪಾಯಿತು. ಅಷ್ಟೇ ಬಿಸಿಯ ಬರೀ ನೀರು ಕುಡಿದಾಗಲೂ ಕೆಂಪಾಯಿತು. ತಣ್ಣನೆಯ ಕಾಫಿಗೆ ಏನೂ ಆಗಲಿಲ್ಲ. ನಮ್ಮ ಟೀಚರ್ ಒಂದು ನೋಟ್‌ಬುಕ್ಕು, ಒಂದು ಪೆನ್ಸಿಲ್ಲಿನಲ್ಲಿ ಅದನ್ನೇ ಕಂಡುಹಿಡಿದಿದ್ದರು. ಹಾಗಾಗಿ ಕಾಫಿ, ಚಹಾ ಬಿಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಆರಿಸಿ ಕುಡಿಯಿರಿ.

ನಾಲ್ಕೂವರೆಯ ಗುಡ್ಡ? ಅದನ್ನು ಹುಡುಕಲು ಇನ್ನೂ ಎರಡು ವಾರ ಹಿಡಿಯಿತು. ಅವರದು ಒಂದು ಸಲಕ್ಕೆ ಒಂದೇ ಬದಲಾವಣೆ, ಎರಡು ಮಾಡಿದರೆ ಲೆಕ್ಕ ತಪ್ಪುತ್ತದೆ ಅಂತ. ಸ್ಕೂಲಿನಲ್ಲಿ ಮಕ್ಕಳ ನೋಟ್ಸ್ ತಿದ್ದುತ್ತಿದ್ದದ್ದು ಪಡುವಣ ಕಿಟಕಿಯ ಪಕ್ಕ. ಗಾಜು ಮುಚ್ಚಿತ್ತು, ಬಿಸಿಲಿಗೆ ಏನಂತೆ ಅಂದುಕೊಂಡಿದ್ದರು. ಬಿಸಿಲಿನ ಯುವಿಎ ಕಿರಣ ಗಾಜನ್ನು ದಾಟುತ್ತದೆ. ಕುರ್ಚಿ ಎಳೆದು ಗೋಡೆಯ ಕಡೆ ಹಾಕಿಕೊಂಡರು, ಗುಡ್ಡ ದಿಬ್ಬ ಆಯಿತು.

ಅಯ್ಯೋ, ಗಾಜಿನ ಆಚೆಯಿಂದ ಕೈಸನ್ನೆ ಬರುತ್ತಿದೆ. ಐದು ನಿಮಿಷ ಅಂತೆ. ಟೀಚರ್ ಕಥೆ ಶುರು ಮಾಡಿದರೆ ನನಗೆ ಹೀಗೇ ಆಗುತ್ತದೆ. ಉಳಿದದ್ದನ್ನು ಬೇಗ ಹೇಳುತ್ತೇನೆ.

ಮುಖ ತೊಳೆಯುವುದು ದಿನಕ್ಕೆ ಎರಡು ಸಲ ಸಾಕು, ಬಿಸಿಯೂ ಅಲ್ಲದ, ಐಸೂ ಅಲ್ಲದ ನೀರಿನಲ್ಲಿ. ಬೆರಳ ತುದಿಯಿಂದ ಮಾತ್ರ. ಟವೆಲಿನಿಂದ ಉಜ್ಜಬೇಡಿ, ಒತ್ತಿ. ಸ್ವಲ್ಪ ಪಸೆ ಇರುವಾಗಲೇ ಮಾಯಿಶ್ಚರೈಸರ್ ಹಚ್ಚಿ. ಸನ್‌ಸ್ಕ್ರೀನ್ ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಜಾಸ್ತಿ ಇರಲಿ, ಜಿಂಕ್ ಆಕ್ಸೈಡ್ ಇರುವುದಾದರೆ ಉರಿ ಕಮ್ಮಿ. ಮೋಡ ಇದ್ದರೂ ಹಚ್ಚಿ. ಟೋನರ್ ಬೇಡ, ಸ್ಕ್ರಬ್ ಬೇಡ, ಫೇಶಿಯಲ್ ಬೇಡ, ಹಬೆ ಬೇಡವೇ ಬೇಡ. ತಂಟೆಗೆ ಹೋಗಬೇಡಿ ಅಂದೆನಲ್ಲ.

ಮನೆಮದ್ದು ಕೇಳಿಯೇ ಕೇಳುತ್ತೀರಿ, ಗೊತ್ತು. ಎರಡು ಹೇಳುತ್ತೇನೆ, ಮೂರನೆಯದು ಕೇಳಬೇಡಿ. ಮೊದಲನೆಯದು ಓಟ್ಸ್. ಏನೂ ಬೆರೆಸದ ಓಟ್ಸನ್ನು ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿ. ಒಂದು ಚಮಚ ಪುಡಿಯನ್ನು ಒಂದು ಲೋಟ ನೀರಿಗೆ ಹಾಕಿ ಕಲಕಿ. ನೀರು ಹಾಲಿನಂತೆ ಆಗಬೇಕು, ಪುಡಿ ತಳಕ್ಕೆ ಕೂರಬಾರದು. ಕೂತರೆ ಇನ್ನೊಂದು ಸುತ್ತು ತಿರುಗಿಸಿ. ತಣ್ಣಗಿನ ಆ ನೀರಿನಲ್ಲಿ ಮೆತ್ತನೆಯ ಬಟ್ಟೆ ಅದ್ದಿ ಹತ್ತು ನಿಮಿಷ ಮುಖದ ಮೇಲೆ ಇಟ್ಟುಕೊಳ್ಳಿ. ಓಟ್ಸಿನಲ್ಲಿ ತುರಿಕೆ, ಊತ ಇಳಿಸುವ ಅಂಶ ನಿಜವಾಗಿಯೂ ಇದೆ. ಎರಡನೆಯದು ಲೋಳೆಸರ. ಎಲೆ ಕತ್ತರಿಸಿದ ಕೂಡಲೇ ಹಚ್ಚಬೇಡಿ. ಸ್ವಲ್ಪ ಹೊತ್ತು ಓರೆಯಾಗಿ ನಿಲ್ಲಿಸಿ. ಸಿಪ್ಪೆಯ ಅಡಿಯಿಂದ ಹಳದಿ ರಸ ಇಳಿಯುತ್ತದೆ, ಅದೇ ಚರ್ಮ ಕೆರಳಿಸುವುದು. ಅದನ್ನು ತೊಳೆದು ಒಳಗಿನ ಲೋಳೆ ಮಾತ್ರ ತೆಗೆದುಕೊಳ್ಳಿ. ಎರಡನ್ನೂ ಮೊದಲು ಕತ್ತಿನ ಪಕ್ಕದಲ್ಲಿ ಮೂರು ದಿನ ಹಚ್ಚಿ ನೋಡಿ. ಉರಿದರೆ ಬಿಟ್ಟುಬಿಡಿ, ‘ಕೆಟ್ಟದ್ದೆಲ್ಲ ಹೊರಗೆ ಬರ್ತಿದೆ’ ಅಂತ ಸಮಾಧಾನ ಹೇಳಿಕೊಳ್ಳಬೇಡಿ.

ಗುಳ್ಳೆ ಇದ್ದವರಿಗೆ ಮನೆಮದ್ದು ಸಾಲುವುದಿಲ್ಲ. ಮೆಟ್ರೊನಿಡಜೋಲ್, ಐವರ್ಮೆಕ್ಟಿನ್, ಅಜೆಲಾಯಿಕ್ ಆಸಿಡ್ ಕ್ರೀಮುಗಳಿವೆ, ಡಾಕ್ಟರು ಕೊಡುತ್ತಾರೆ. ಚರ್ಮದಲ್ಲಿ ಡೆಮೊಡೆಕ್ಸ್ ಅನ್ನುವ, ಬರಿಗಣ್ಣಿಗೆ ಕಾಣದ ಹುಳ ದೊಡ್ಡವರಲ್ಲಿ ಹೆಚ್ಚುಕಮ್ಮಿ ಎಲ್ಲರಿಗೂ ಇರುತ್ತದೆ. ರೊಸೇಷಿಯಾದವರಿಗೆ ಜಾಸ್ತಿ. ಐವರ್ಮೆಕ್ಟಿನ್ ಅದರ ಮೇಲೂ ಕೆಲಸ ಮಾಡುತ್ತದೆ. ಇನ್ನು ನ್ಯಾಚುರಲ್ಲೇ ಬೇಕು ಅನ್ನುವವರಿಗೆ ಹೇಳುತ್ತೇನೆ, ಅಜೆಲಾಯಿಕ್ ಆಸಿಡ್ ಗೋಧಿಯಲ್ಲಿ, ಬಾರ್ಲಿಯಲ್ಲಿ ಇರುವಂಥದ್ದೇ. ಅದಕ್ಕೆ ಗೋಧಿ ಹಿಟ್ಟು ಹಚ್ಚಬೇಡಿ ಮತ್ತೆ! ಯಾವ ಕ್ರೀಮಾದರೂ ಎರಡು ತಿಂಗಳು ಕೊಡಿ. ನಾಲ್ಕನೇ ದಿನಕ್ಕೆ ಬದಲಿಸಬೇಡಿ. ಕೆಂಪು ದಾರದಂಥ ರಕ್ತನಾಳಕ್ಕೆ ಮಾತ್ರ ಯಾವ ಕ್ರೀಮೂ ಇಲ್ಲ, ಲೇಸರ್ ಬೇಕು. ವ್ಯಾಯಾಮ ನಿಲ್ಲಿಸಬೇಡಿ, ತಂಪು ಹೊತ್ತಿನಲ್ಲಿ ಮಾಡಿ.

ಒಂದು ನಿಮಿಷ ಅಂತೆ. ಕಣ್ಣಿನ ವಿಷಯ ಬಿಡುವ ಹಾಗಿಲ್ಲ. ಮುಖ ಉರಿಯುವವರಿಗೆ ಕಣ್ಣಲ್ಲಿ ಮರಳು ಬಿದ್ದ ಹಾಗೆ ಆಗುತ್ತಿದ್ದರೆ, ರೆಪ್ಪೆಯ ಅಂಚು ಕೆಂಪಾಗಿದ್ದರೆ, ಅದೂ ರೊಸೇಷಿಯಾವೇ ಇರಬಹುದು. ಬೆಚ್ಚನೆಯ ಬಟ್ಟೆಯನ್ನು ಮುಚ್ಚಿದ ರೆಪ್ಪೆಯ ಮೇಲೆ ಐದು ನಿಮಿಷ ಇಡಿ, ರೆಪ್ಪೆಯಲ್ಲಿ ಕಟ್ಟಿಕೊಂಡ ಎಣ್ಣೆ ಬಿಡುತ್ತದೆ. ಇಷ್ಟು ಹೊತ್ತು ಬಿಸಿ ಬೇಡ ಅಂದವರು ಈಗ ಬಿಸಿ ಬಟ್ಟೆ ಅಂತೀರಲ್ಲ ಅಂತ ಯಾರೋ ಗೊಣಗುತ್ತಿದ್ದೀರಿ. ಹೌದು, ರೆಪ್ಪೆಗೆ ಮಾತ್ರ, ಕೆನ್ನೆಗಲ್ಲ. ಕಣ್ಣು ನೋಯುತ್ತಿದ್ದರೆ, ದೃಷ್ಟಿ ಮಂಜಾದರೆ, ಬಟ್ಟೆಯೂ ಬೇಡ, ಅವತ್ತೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ.

ಟೈಮ್ ಆಯಿತಂತೆ. ನಮಸ್ಕಾರ.